ಗೋವಾ ಬೀಚಿಗೆ ಬರೋ ಟಾರ್ ಬಾಲ್ ಹಿಂದಿರೋ ಐವತ್ತು ವರ್ಷದ ಕಥೆ

ಮಳೆಗಾಲ ಶುರುವಾಗ್ತಿದ್ದಂಗೆ ಗೋವಾದ ಬೀಚುಗಳಿಗೆ ಕಪ್ಪು ಡಾಂಬರು ಉಂಡೆ ಬಂದು ಬೀಳೋದು ವಾಸ್ಕೋ, ಝುವಾರಿನಗರ ಕಡೆ ಇರೋ ನಮ್ಮ ಕನ್ನಡದವರಿಗೆ ಹೊಸದೇನಲ್ಲ. ಕಾಲಿಗೆ ಮೆತ್ತಿದ್ರೆ ಸೋಪಿಗೆಲ್ಲ ಹೋಗಲ್ಲ, ಎಣ್ಣೆ ಹಚ್ಚಿ ಉಜ್ಜಬೇಕು. ಪೇಪರಲ್ಲಿ ಫೋಟೋ ಬರುತ್ತೆ, ಒಬ್ರು ಬಾಂಬೆ ಹೈ (ಮುಂಬೈ ಎದುರು ಸಮುದ್ರದಲ್ಲಿರೋ ತೈಲ ಬಾವಿಗಳು) ಅಂತಾರೆ, ಇನ್ನೊಬ್ರು ಟ್ಯಾಂಕರ್ (ತೈಲ ಹೊರೋ ಹಡಗು) ಅಂತಾರೆ, ಅಷ್ಟರಲ್ಲಿ ಮಳೆ ನಿಂತು ಟೂರಿಸ್ಟ್ ಸೀಸನ್ ಬಂದುಬಿಡುತ್ತೆ. ಮಾತಿನ ಮಧ್ಯೆ ಮಾರ್ಪೋಲ್, ಸಾಸೆಪ್ ಅಂತ ಏನೇನೋ ಹೆಸರು ಬೇರೆ ತೂರಿಕೊಳ್ಳುತ್ತೆ.

ಮೊದಲು ಉಂಡೆ ವಿಷಯ. ಸಮುದ್ರಕ್ಕೆ ಬಿದ್ದ ಕಚ್ಚಾತೈಲದಲ್ಲಿ ಹಗುರ ಅಂಶ ಆವಿಯಾಗಿ ಹೋಗುತ್ತೆ, ಉಳಿದ ಜಿಗುಟು ಅಲೆಗೆ ಸಿಕ್ಕಿ ಉಂಡೆಯಾಗುತ್ತೆ, ನೈಋತ್ಯ ಮುಂಗಾರಿನ ಗಾಳಿ ಅದನ್ನ ಪಶ್ಚಿಮ ಕರಾವಳಿಗೆ ತಳ್ಳುತ್ತೆ. ದೋನಾ ಪಾವ್ಲಾದಲ್ಲಿರೋ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಬೆರಳಚ್ಚು ನೋಡಿದಂಗೆ ಈ ಉಂಡೆಗಳ ರಾಸಾಯನಿಕ ಗುರುತು ನೋಡಿದ್ದಾರೆ. ಗೋವಾದಲ್ಲಿ 2010ರಲ್ಲಿ ಸಿಕ್ಕಿದ್ದು ಆಗ್ನೇಯ ಏಷ್ಯಾದ ಕಚ್ಚಾತೈಲಕ್ಕೆ ಹೋಲುತ್ತಿತ್ತು, ಅಂದ್ರೆ ಟ್ಯಾಂಕರ್ ತೊಳೆದ ನೀರಿರಬೇಕು ಅಂತ ಅವರ ಲೆಕ್ಕ. ಗುಜರಾತ್ ಕಡೆಯ ಉಂಡೆಗಳ ಗುರುತು ಬಾಂಬೆ ಹೈ ಕಡೆ ತೋರಿಸಿತ್ತು. ಹಂಗಾಗಿ ಇಬ್ಬರ ವಾದದಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ.

ಅಕ್ಕಪಕ್ಕದ ದೇಶಗಳು ಸೇರಿ ಸಮುದ್ರ ಕಾಯಬೇಕು ಅನ್ನೋದು 70ರ ದಶಕದ ಯೋಚನೆ. 1974ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಪ್ರಾದೇಶಿಕ ಸಮುದ್ರ ಕಾರ್ಯಕ್ರಮ ಶುರು ಮಾಡ್ತು. ಅದೇ ವರ್ಷ ಶೀತಲ ಸಮರದ ನಡುವೇನೇ ಸೋವಿಯತ್ ರಷ್ಯಾ, ಎರಡೂ ಜರ್ಮನಿ, ಸ್ವೀಡನ್ ಎಲ್ಲ ಕೂತು ಬಾಲ್ಟಿಕ್ ಸಮುದ್ರಕ್ಕೆ ಒಪ್ಪಂದ ಮಾಡಿಕೊಂಡ್ರು. ಮೆಡಿಟರೇನಿಯನ್ ಸಮುದ್ರಕ್ಕೆ ಆದ 1976ರ ಬಾರ್ಸಿಲೋನಾ ಒಪ್ಪಂದದಲ್ಲಿ ಇಸ್ರೇಲ್, ಈಜಿಪ್ಟ್ ಎರಡೂ ಇದ್ವು, ಅವರ 1973ರ ಯುದ್ಧ ಮುಗಿದು ಮೂರು ವರ್ಷನೂ ಆಗಿರಲಿಲ್ಲ. 1978ರಲ್ಲಿ ಪರ್ಷಿಯನ್ ಕೊಲ್ಲಿಯ ಕುವೈತ್ ಒಪ್ಪಂದಕ್ಕೆ ಇರಾನ್, ಇರಾಕ್ ಎರಡೂ ಬಂದ್ವು. ಜಗಳ ಇದ್ದವರೇ ಕೂತು ಸಹಿ ಹಾಕಿದ್ದಾರೆ, ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ನಮ್ಮ ಕಡೆ 1982ರಲ್ಲಿ ಕೊಲಂಬೊದಲ್ಲಿ ಸಾಸೆಪ್ ಹುಟ್ಟಿತು, ದಕ್ಷಿಣ ಏಷ್ಯಾದ ಪರಿಸರ ಸಹಕಾರ ಸಂಸ್ಥೆ (ಸಮುದ್ರವೇ ಇಲ್ಲದ ನೇಪಾಳ, ಭೂತಾನ್ ಕೂಡ ಇದರಲ್ಲಿವೆ). 1995ರಲ್ಲಿ ದೆಹಲಿಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ, ಮಾಲ್ಡೀವ್ಸ್ ಐದೂ ಸೇರಿ ದಕ್ಷಿಣ ಏಷ್ಯಾ ಸಮುದ್ರಗಳ ಕ್ರಿಯಾ ಯೋಜನೆ ಒಪ್ಪಿಕೊಂಡ್ವು. ಆದ್ರೆ ಅದು ಯೋಜನೆ ಮಾತ್ರ, ಬಾರ್ಸಿಲೋನಾ ತರ ಕಾನೂನಾಗಿ ಕಟ್ಟಿಹಾಕೋ ಒಪ್ಪಂದ ಅಲ್ಲ, ಅಂದ್ರೆ ಮಾಡದಿದ್ರೆ ಕೇಳೋರಿಲ್ಲ.

ನಿಜವಾದ ಗಂಟು ಇರೋದು ಮಾರ್ಪೋಲಲ್ಲಿ. 1973ರಲ್ಲಿ ಬರೆದು, 1978ರಲ್ಲಿ ತಿದ್ದಿ, 1983ರಲ್ಲಿ ಜಾರಿಗೆ ಬಂದ ಹಡಗು ಮಾಲಿನ್ಯದ ಜಾಗತಿಕ ಒಪ್ಪಂದ ಇದು. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಅಂದ್ರೆ, ಇದರ ಪ್ರಕಾರ ಟ್ಯಾಂಕರ್ ತೊಳೆದ ಎಣ್ಣೆ ನೀರನ್ನ ಸಮುದ್ರಕ್ಕೆ ಬಿಡೋದು ಪೂರ್ತಿ ನಿಷೇಧ ಅಲ್ಲ. ದಡದಿಂದ 50 ನಾಟಿಕಲ್ ಮೈಲಿ, ಅಂದ್ರೆ ಸುಮಾರು 93 ಕಿಲೋಮೀಟರ್ ದಾಟಿ ಹಡಗು ಓಡ್ತಾ ಇರಬೇಕು, ಮೈಲಿಗೆ 30 ಲೀಟರ್ ಎಣ್ಣೆ ಮೀರಬಾರದು, ಒಟ್ಟು ಸರಕಿನ ಮೂವತ್ತು ಸಾವಿರದಲ್ಲಿ ಒಂದು ಪಾಲು ದಾಟಬಾರದು. 2 ಲಕ್ಷ ಟನ್ ಹೊತ್ತಿದ್ದ ಹಡಗಿಗೆ ಅದು ಆರೂವರೆ ಟನ್ನಿಗಿಂತ ಜಾಸ್ತಿನೇ ಆಯ್ತು. ಕದ್ದು ಬಿಡೋರ ಲೆಕ್ಕ ಬೇರೆ.

ಇದಕ್ಕೆ ತಡೆ ಇರೋದು ‘ಸ್ಪೆಷಲ್ ಏರಿಯಾ’ ಅಂತ ಘೋಷಿಸಿದ ಸಮುದ್ರದಲ್ಲಿ ಮಾತ್ರ, ಅಲ್ಲಿ ಟ್ಯಾಂಕ್ ತೊಳೆದ ನೀರು ಬಿಡೋ ಹಾಗೇ ಇಲ್ಲ. ಅರಬ್ಬಿ ಸಮುದ್ರದ ಒಮಾನ್ ಭಾಗಕ್ಕೆ ಇದು 2007ರಲ್ಲಿ ಜಾರಿಯಾಯ್ತು, ಪರ್ಷಿಯನ್ ಕೊಲ್ಲಿ ಕಡೆಗೆ 2008ರಲ್ಲಿ. ಕೆಂಪು ಸಮುದ್ರದ ಹೆಸರು 1973ರಲ್ಲೇ ಪಟ್ಟಿಯಲ್ಲಿತ್ತು, ಆದ್ರೆ ಕೊಳಕು ನೀರು ಇಳಿಸಿಕೊಳ್ಳೋ ವ್ಯವಸ್ಥೆ ಬಂದರುಗಳಲ್ಲಿ ಇದೆ ಅಂತ ಅಲ್ಲಿನ ದೇಶಗಳು ತೋರಿಸೋ ತನಕ ಜಾರಿಯಾಗಲಿಲ್ಲ, ಕೊನೆಗೆ ಜಾರಿಗೆ ಬಂದಿದ್ದು 2025ರ ಜನವರಿ 1ಕ್ಕೆ. ಏಡನ್ ಕೊಲ್ಲಿಗೂ ಅದೇ ದಿನ. ಈಗ ಮ್ಯಾಪ್ ನೋಡಿ: ಪಶ್ಚಿಮದಲ್ಲಿ ಸಾಲಾಗಿ ಕಟ್ಟುನಿಟ್ಟು, ಮುಂಬೈ, ಗೋವಾ, ಕಾರವಾರದ ಎದುರಿಗೆ ಮಾತ್ರ ಮಾಮೂಲಿ ರೂಲ್ಸ್. ಪೂರ್ವ ದೇಶಗಳಲ್ಲಿ ತೈಲ ಇಳಿಸಿ ಖಾಲಿ ವಾಪಸ್ ಬರೋ ಟ್ಯಾಂಕರ್, ಕಟ್ಟುನಿಟ್ಟಿನ ಜಾಗಕ್ಕೆ ಹೋಗೋ ಮುಂಚೆ ಎಲ್ಲಿ ತೊಳೆದುಕೊಳ್ಳುತ್ತೆ? ಬಂದರಿಗೆ ಹೋಗಿ ಇಳಿಸೋಣ ಅಂದ್ರೆ ದುಡ್ಡೂ ಬೇಕು ಟೈಮೂ ಬೇಕು. ಊಹೆ ಮಾಡೋದು ಕಷ್ಟ ಇಲ್ಲ.

ಸಹಕಾರ ಇಲ್ವೇ ಇಲ್ಲ ಅಂತಲ್ಲ. 2020ರ ಸೆಪ್ಟೆಂಬರಲ್ಲಿ ಸುಮಾರು 2.7 ಲಕ್ಷ ಟನ್ ಕಚ್ಚಾತೈಲ ಹೊತ್ತಿದ್ದ ನ್ಯೂ ಡೈಮಂಡ್ ಟ್ಯಾಂಕರಿಗೆ ಶ್ರೀಲಂಕಾ ಹತ್ತಿರ ಬೆಂಕಿ ಬಿದ್ದಾಗ ನಮ್ಮ ಕೋಸ್ಟ್ ಗಾರ್ಡ್ ಹೋಗಿ ಅವರ ನೌಕಾಪಡೆ ಜೊತೆ ಆರಿಸಿತು, ಆ ಸರಕು ಸಮುದ್ರಕ್ಕೆ ಹೋಗಲಿಲ್ಲ. 2021ರಲ್ಲಿ ಎಕ್ಸ್-ಪ್ರೆಸ್ ಪರ್ಲ್ ಹೊತ್ತಿ ಉರಿದಾಗಲೂ ಹೋಗಿತ್ತು, ಆದ್ರೆ ಅದಕ್ಕೂ ಮುಂಚೆ ಆ ಹಡಗಿನ ಸೋರುತ್ತಿದ್ದ ಆಸಿಡ್ ಕಂಟೇನರನ್ನ ಕತಾರಿನ ಹಮದಲ್ಲಿ, ಗುಜರಾತಿನ ಹಜೀರಾದಲ್ಲಿ ಇಳಿಸೋಕೆ ಆಗಿರಲಿಲ್ಲ, ಕೊಲಂಬೊ ತಲುಪಿದ ಮೇಲೆ ಬೆಂಕಿ, ಆಮೇಲೆ ದಡದ ತುಂಬ ಪ್ಲಾಸ್ಟಿಕ್ ಕಾಳು. ಬೆಂಕಿ ಬಿದ್ರೆ ಎಲ್ಲರೂ ಓಡಿ ಬರ್ತಾರೆ, ಸೋರೋವಾಗ ಯಾರ ಜವಾಬ್ದಾರಿ ಅನ್ನೋದು ಮಾತ್ರ ಬಗೆಹರಿಯಲ್ಲ.

2018ರಲ್ಲಿ ಭಾರತದ ಕ್ಯಾಬಿನೆಟ್ ಸಾಸೆಪ್ ಜೊತೆಗಿನ ತೈಲ-ರಾಸಾಯನಿಕ ಮಾಲಿನ್ಯದ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿದ್ದೂ ಇಂಥ ದೊಡ್ಡ ಅನಾಹುತಕ್ಕೇನೇ. ಪ್ರತಿ ಮಳೆಗಾಲದ ಉಂಡೆ ಅದರ ಲೆಕ್ಕಕ್ಕೆ ಬರಲ್ಲ. ಅದಕ್ಕೆ ಬೇಕಿರೋದು ಸ್ಪೆಷಲ್ ಏರಿಯಾ, ಅದು ಜಾರಿಯಾಗಬೇಕಂದ್ರೆ ಮುಂಬೈ, ಮರ್ಮಗೋವಾ, ಮಂಗಳೂರು ಮಾತ್ರ ಅಲ್ಲ, ಕರಾಚಿಯಲ್ಲೂ ಕೊಳಕು ನೀರು ಇಳಿಸಿಕೊಳ್ಳೋ ವ್ಯವಸ್ಥೆ ಇದೆ ಅಂತ ಲಂಡನ್ನಿನಲ್ಲಿರೋ ಅಂತರರಾಷ್ಟ್ರೀಯ ಸಾಗರ ಸಂಸ್ಥೆಗೆ (ಐಎಂಒ) ತೋರಿಸಬೇಕು, ಅಂದ್ರೆ ದೆಹಲಿ ಇಸ್ಲಾಮಾಬಾದ್ ಎರಡೂ ಒಂದೇ ಮೇಜಿನ ಮುಂದೆ ಕೂರಬೇಕು.