ಆರು ಅಡಿ ಹಲಗೆಯ ಮೇಲೆ ಸಕ್ಕರೆ ಕಾರ್ಖಾನೆ ಹಿಡಿಸುವುದು ಹೇಗೆ?

ಪ್ರಶ್ನೆ: ಆರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯ ಮೇಲೆ ಎಚ್‌ಒ ಅಳತೆಯ ಮಾದರಿ ರೈಲು ಹಾಕಿದ್ದೇನೆ. ಹಳಿಯ ಪಕ್ಕ ನಮ್ಮ ಕಡೆಯಂಥ ಸಕ್ಕರೆ ಕಾರ್ಖಾನೆ ನಿಲ್ಲಿಸಬೇಕೆಂಬ ಆಸೆ. ಎಷ್ಟು ಕುಗ್ಗಿಸಿದರೂ ಜಾಗ ಸಾಲುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬೆಳಗಾವಿ ಜಿಲ್ಲೆ

ಉತ್ತರ: ಇಡೀ ಕಾರ್ಖಾನೆ ಕಟ್ಟುವ ಯೋಚನೆ ಬಿಡಿ. ವ್ಯಾಗನ್ ಬಂದು ನಿಲ್ಲುವ ಗೋದಾಮು, ಅದರ ಮುಂದಿನ ಕಟ್ಟೆ, ಇವೆರಡನ್ನು ಮನಸ್ಸಿಟ್ಟು ಕಟ್ಟಿ. ಉಳಿದದ್ದನ್ನು ಹಿಂದಿನ ಗೋಡೆಹಲಗೆಗೆ ಬಿಡಿ.

ಲೆಕ್ಕ ನೋಡಿ. ಎಚ್‌ಒ ಎಂದರೆ 87ರಲ್ಲಿ ಒಂದು ಪಾಲು. 60 ಮೀಟರ್ ಎತ್ತರದ ಚಿಮಣಿ ನಿಮ್ಮ ಹಲಗೆಯ ಮೇಲೆ 69 ಸೆಂ.ಮೀ. ಆಗುತ್ತದೆ, ರೈಲು ಅದರ ಬುಡದಲ್ಲಿ ಕಾಣದೇ ಹೋಗುತ್ತದೆ. ಆದರೆ ಮುಚ್ಚಿದ ಸರಕು ವ್ಯಾಗನ್ ಒಂದಕ್ಕೆ ಸುಮಾರು 17 ಸೆಂ.ಮೀ., ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್‌ಗೆ 20 ಸೆಂ.ಮೀ. ಸಾಕು. ಮೂರು ವ್ಯಾಗನ್, ಒಂದು ಎಂಜಿನ್ ಸೇರಿ ಸುಮಾರು ಎಪ್ಪತ್ತು ಸೆಂ.ಮೀ.ನಲ್ಲೇ ಸೈಡಿಂಗ್ (ವ್ಯಾಗನ್ ನಿಲ್ಲುವ ಪಕ್ಕದ ಹಳಿ) ಮುಗಿಯುತ್ತದೆ. ನೀವು ಸಕ್ಕರೆಯನ್ನು ಆರಿಸಿಕೊಂಡದ್ದೇ ಒಳ್ಳೆಯದಾಯಿತು. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಂಥದ್ದಕ್ಕೆ ಕೈ ಹಾಕಿದ್ದರೆ, 58 ವ್ಯಾಗನ್‌ಗಳ ಒಂದು ಕಲ್ಲಿದ್ದಲು ರೇಕ್‌ಗೇ ಏಳು ಮೀಟರ್ ಬೇಕಾಗುತ್ತಿತ್ತು.

ಕಬ್ಬು ಬರುವುದು ಟ್ರ್ಯಾಕ್ಟರ್‌ನಲ್ಲಿ, ಹಳಿಯ ಮೇಲಲ್ಲ. ಹಾಗಾಗಿ ಹಳಿ ಗೋದಾಮಿನ ಕಡೆ ಇರಲಿ, ಕಬ್ಬಿನ ಅಂಗಳ ಹಲಗೆಯ ಇನ್ನೊಂದು ತುದಿಯಲ್ಲಿರಲಿ. ಅಲ್ಲಿ ಎರಡು ಟ್ರೇಲರ್ ಕಟ್ಟಿದ ಒಂದು ಟ್ರ್ಯಾಕ್ಟರ್ ನಿಲ್ಲಿಸಿದರೂ ನುರಿಸುವ ಹಂಗಾಮು ಎಂದು ನಮ್ಮ ಭಾಗದವರಿಗೆ ತಕ್ಷಣ ತಿಳಿಯುತ್ತದೆ. ಬಾಯ್ಲರ್ ಮನೆ, ಗಿರಣಿ ಇವು ನಾಲ್ಕೈದು ಸೆಂ.ಮೀ. ದಪ್ಪದ ಮುಖಗೋಡೆಗಳಾಗಿ ಹಿಂದಿನ ಹಲಗೆಗೆ ಅಂಟಿಕೊಂಡಿರಲಿ. ಚಿಮಣಿಯನ್ನು ಅದೇ ಹಲಗೆಯ ಮೇಲೆ ಮಾಸಲು ಬಣ್ಣದಲ್ಲಿ ಬರೆಯಿರಿ, ಅರ್ಧ ಎತ್ತರಕ್ಕೆ. ದೂರದಲ್ಲಿದೆ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ.

ಗೋದಾಮಿನ ತಗಡಿನ ಚಾವಣಿಗೆ ಮಾತ್ರ ಸಮಯ ಕೊಡಿ, ನೋಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಅನೇಕರು ರಟ್ಟಿನ ಪೆಟ್ಟಿಗೆಯ ಒಳಪದರವನ್ನು ಬಿಚ್ಚಿ ಹೊದಿಸುತ್ತಾರೆ. ಅದರ ಒಂದೊಂದು ಏರಿಳಿತ ಆರೇಳು ಮಿ.ಮೀ. ಇರುತ್ತದೆ, ಅಂದರೆ ನಿಜದಲ್ಲಿ ಅರ್ಧ ಮೀಟರಿಗೂ ಹೆಚ್ಚು. ಅಂಥ ತಗಡು ಎಲ್ಲೂ ಇಲ್ಲ. ಸಾಮಾನ್ಯ ತಗಡಿನ ಏರಿಳಿತ 76 ಮಿ.ಮೀ.; ನಮಗೆ ಬೇಕಾದದ್ದು ಒಂದು ಮಿ.ಮೀ.ಗಿಂತ ಚೂರು ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ, ಉದ್ದಕ್ಕೂ ತಿರುಪಿನ ಮರೆ (ಥ್ರೆಡ್) ಇರುವ ಸರಳು ಕೇಳಿ. ಅದರ ಮರೆಗಳ ಅಂತರ 0.8 ಮಿ.ಮೀ. ತಿಂಡಿ ಕಟ್ಟಿಕೊಡುವ ಅಲ್ಯೂಮಿನಿಯಂ ತಟ್ಟೆಯ ತಳವನ್ನು ಕತ್ತರಿಸಿ, ರಬ್ಬರ್ ಹಾಸಿನ ಮೇಲಿಟ್ಟು, ಸರಳನ್ನು ಒತ್ತಿ ಒಮ್ಮೆ ಉರುಳಿಸಿ. ಸಾಲು ಸಾಲಾಗಿ ಗೀರು ಮೂಡುತ್ತದೆ. ಮೂರು ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ, ಕೆಳಗಿನ ಸಾಲಿನಿಂದ ಆರಂಭಿಸಿ, ಮೇಲಿನದು ಕೆಳಗಿನದರ ಮೇಲೆ ಸ್ವಲ್ಪ ಏರುವಂತೆ ಅಂಟಿಸಿ. ಹೊಳಪಿಲ್ಲದ ಬೂದು ಬಣ್ಣ ಬಳಿದು, ಅಂಚುಗಳಿಗೆ ಮಾತ್ರ ತುಕ್ಕಿನ ಕಂದು ಮುಟ್ಟಿಸಿ. ಒಂದೆರಡು ತುಂಡು ಹೊಸದಾಗಿಯೇ ಕಾಣಲಿ. ದುರಸ್ತಿ ಕಾಣದ ಗೋದಾಮು ಎಲ್ಲಿದೆ?

ನೆಲಕ್ಕೆ ಹೊಲದ ಎರೆಮಣ್ಣನ್ನೇ ಒಣಗಿಸಿ, ಜರಡಿ ಹಿಡಿದು ಹಾಕಬಹುದು. ಮೊದಲು ಆಯಸ್ಕಾಂತ ಆಡಿಸಿ ಕಬ್ಬಿಣದ ಕಣಗಳನ್ನು ತೆಗೆಯಲೇಬೇಕು, ಅವು ಎಂಜಿನ್ನಿನ ಮೋಟಾರಿಗೆ ಹೊಕ್ಕರೆ ಹಾಳು. ಅಂಟು ಹಾಕಿದ ಮೇಲೆ ಮಣ್ಣು ಇನ್ನಷ್ಟು ಕಪ್ಪಾಗುತ್ತದೆಯಾದ್ದರಿಂದ ತಿಳಿ ಬಣ್ಣದ್ದನ್ನೇ ಆರಿಸಿ.

ಕಟ್ಟೆಯ ಎತ್ತರ ಹಳಿಯಿಂದ 12 ಮಿ.ಮೀ. ಇರಲಿ. ಅದನ್ನು ಅಂಟಿಸುವುದು ಕೊನೆಯ ಕೆಲಸ. ನಿಮ್ಮಲ್ಲಿರುವ ಅತಿ ಉದ್ದದ ವ್ಯಾಗನ್ನಿನ ಪಕ್ಕಕ್ಕೆ ಪೆನ್ಸಿಲ್ ತುಂಡು ಕಟ್ಟಿ ಸೈಡಿಂಗ್ ಉದ್ದಕ್ಕೂ ತಳ್ಳಿ. ತಿರುವಿನಲ್ಲಿ ವ್ಯಾಗನ್ನಿನ ಮೂಲೆ ಹೊರಚಾಚುವುದು ಗೆರೆಯಲ್ಲೇ ಕಾಣುತ್ತದೆ. ಕಟ್ಟೆಯ ಅಂಚು ಆ ಗೆರೆಗಿಂತ ಒಂದೆರಡು ಮಿ.ಮೀ. ಆಚೆಗೆ ನಿಲ್ಲಲಿ.