ಹೆಕ್ಕಿದ ಕಸವನ್ನು ಎಣಿಸಿ

ಸ್ವಚ್ಛತಾ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಹೇಳುವ ಲೆಕ್ಕ ಒಂದೇ: ಇಷ್ಟು ಕಿಲೋ ಕಸ ತೆಗೆದೆವು. ಆ ಲೆಕ್ಕದಿಂದ ತಿಳಿಯುವುದು ತೀರಾ ಕಡಿಮೆ. ಮಳೆ ಬಂದ ಮರುದಿನ ತೂಗಿದರೆ ತೂಕದಲ್ಲಿ ನೀರು, ಕೆಸರಿನ ಪಾಲೇ ದೊಡ್ಡದು. ಒಂದು ಹಳೆಯ ಟೈರ್ ಸಿಕ್ಕರೆ ಸಾವಿರಾರು ಪೊಟ್ಟಣಗಳ ತೂಕವನ್ನು ಅದೊಂದೇ ನುಂಗಿಬಿಡುತ್ತದೆ. ಆದರೆ ಚರಂಡಿ ಕಟ್ಟುವುದು, ಗಾಳಿಗೆ ಹಾರುವುದು, ಪ್ರಾಣಿಗಳ ಹೊಟ್ಟೆ ಸೇರುವುದು ಆ ಹಗುರ ಪೊಟ್ಟಣಗಳೇ. ಕಸ ಎಲ್ಲಿಂದ ಬರುತ್ತಿದೆ, ಕಡಿಮೆಯಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೆಕ್ಕಿ, ಬಿಡಿಬಿಡಿಯಾಗಿ ಎಣಿಸಬೇಕು.

ಇದು ಹೊಸ ವಿಚಾರವೇನಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದ ಸ್ವಚ್ಛತಾ ಕೆಲಸದಲ್ಲೇ ಸ್ವಯಂಸೇವಕರು ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿದ್ದರು. ಅದೇ ಮುಂದೆ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ಅಭಿಯಾನವಾಗಿ ಬೆಳೆಯಿತು. ಅದರ ಪಟ್ಟಿಯಲ್ಲಿ ದಶಕಗಳ ಕಾಲ ಸಿಗರೇಟ್ ತುಂಡುಗಳದೇ ಮೊದಲ ಸ್ಥಾನ. 2019ರ ಎಣಿಕೆಯಲ್ಲಿ ತಿಂಡಿಯ ಹೊದಿಕೆಗಳು ಅವನ್ನು ಹಿಂದೆ ಹಾಕಿದವು. ಬರೀ ತೂಗಿದ್ದರೆ ಈ ಬದಲಾವಣೆ ಯಾರಿಗೂ ಕಾಣುತ್ತಿರಲಿಲ್ಲ.

ಜಾಗ ಚಿಕ್ಕದಿರಲಿ. 100 ಮೀಟರ್ ಉದ್ದದ ಒಂದು ಪಟ್ಟಿ ಸಾಕು. ಕಡಲತೀರದ ಕಸದ ಸಮೀಕ್ಷೆಗಳಲ್ಲೂ ಈ ಅಳತೆ ಬಳಕೆಯಲ್ಲಿದೆ. ಆರೆಂಟು ಜನ ಒಂದೂವರೆ ಗಂಟೆಯಲ್ಲಿ ಇಷ್ಟನ್ನು ಚೊಕ್ಕವಾಗಿ ಮುಗಿಸಬಹುದು. ಎರಡೂ ತುದಿಗೆ ಕಂಬವೋ ಮರವೋ, ಅಲ್ಲಾಡದ ಗುರುತು ಇರಬೇಕು. ಗುರುತು ಹತ್ತು ಹೆಜ್ಜೆ ಆಚೀಚೆಯಾದರೂ ಹಿಂದಿನ ಲೆಕ್ಕದೊಂದಿಗೆ ಹೋಲಿಸಲು ಬರುವುದಿಲ್ಲ. ಚರಂಡಿ ನೀರು ಹೊಳೆಗೋ ಕೆರೆಗೋ ಸೇರುವ ಬಾಯಿ, ಬೇಲಿಯ ಬುಡ, ಗಾಳಿ ತಡೆಯುವ ಗೋಡೆಯ ಮರೆ, ಜನ ಕಾದು ನಿಲ್ಲುವ ತಾಣ: ಕಸ ಕೂಡಿಕೊಳ್ಳುವುದು ಇಂಥಲ್ಲಿ. ವರ್ಷಕ್ಕೆ ಒಂದೇ ಸಲ ಸಾಧ್ಯವೆಂದಾದರೆ ಮಳೆಗಾಲಕ್ಕೆ ಮುಂಚೆ ಮಾಡಿ. ಮೊದಲ ಜೋರು ಮಳೆಗೆ ದಡದ ಕಸವೆಲ್ಲ ನೀರಿಗಿಳಿದರೆ ಆಮೇಲೆ ಕೈಗೆ ಸಿಗದು.

ದಿನಾಂಕ ಗೊತ್ತುಮಾಡುವ ಮೊದಲೇ ಕಸ ಎಲ್ಲಿಗೆ ಹೋಗಬೇಕು, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಖಚಿತವಾಗಿರಲಿ. ಇಂಥ ಕಾರ್ಯಕ್ರಮಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಚೀಲಗಳನ್ನು ರಸ್ತೆ ಬದಿಯಲ್ಲಿ ಸಾಲಾಗಿಟ್ಟು ಜನ ಮನೆಗೆ ಹೋಗುತ್ತಾರೆ, ಗಾಡಿ ಬರುವುದಿಲ್ಲ, ರಾತ್ರಿ ನಾಯಿಗಳು ಚೀಲ ಹರಿಯುತ್ತವೆ. ಬೆಳಗಾಗುವಷ್ಟರಲ್ಲಿ ಅದೇ ಕಸ ಮತ್ತೆ ಹರಡಿಕೊಂಡಿರುತ್ತದೆ. ಗಾಡಿ ಬರಲಿಲ್ಲವೆಂದು ಬೆಂಕಿ ಇಡುವುದಂತೂ ಕೂಡದೇ ಕೂಡದು; ಪಿವಿಸಿ ಬೆರೆತ ಕಸ ಉರಿದರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ.

ಹೆಕ್ಕಲು ಚೀಲಕ್ಕಿಂತ 10–15 ಲೀಟರಿನ ಬಕೆಟ್ ಅನುಕೂಲ. ಬಾಯಿ ತೆರೆದೇ ಇರುತ್ತದೆ, ಗಾಳಿಗೆ ಹಾರದು, ಗಾಜಿಗೆ ಹರಿಯದು. ಅಂಗೈಗೆ ನೈಟ್ರೈಲ್ ರಬ್ಬರಿನ ಲೇಪನವಿರುವ ಕೈಗವಸು, ಉದ್ದನೆಯ ಇಕ್ಕಳ, ಅಡಿ ಗಟ್ಟಿಯಿರುವ ಮುಚ್ಚಿದ ಬೂಟು ಬೇಕು. ಸಿರಿಂಜ್ ಸೂಜಿಗಳಿಗೆ ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿ ಪ್ರತ್ಯೇಕವಾಗಿರಲಿ. ಡಬ್ಬಿಯನ್ನು ನೆಲದ ಮೇಲಿಟ್ಟು ಸೂಜಿಯನ್ನು ಇಕ್ಕಳದಿಂದ ಹಾಕಿ. ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು ಹಾಕಲು ಹೋದಾಗಲೇ ಸೂಜಿ ಚುಚ್ಚುವುದು. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಪ್ರಯತ್ನ ಬೇಡ. ಒಳಗೆ ದ್ರವವಿರುವ ಬಾಟಲಿಯನ್ನು, ಅದು ನೀರೇ ಎಂದು ಖಾತ್ರಿಯಿಲ್ಲದಿದ್ದರೆ, ತೆರೆಯಬೇಡಿ. ಮುಚ್ಚಿದ ಚರಂಡಿಗೋ ಮ್ಯಾನ್‌ಹೋಲ್‌ಗೋ ಯಾರೂ ಇಳಿಯಬಾರದು. ಅಲ್ಲಿ ಕೂಡಿಕೊಂಡ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

ಬಿಸಿಲಿಗೆ ಹಳತಾದ ಪ್ಲಾಸ್ಟಿಕ್ ಕಂಡರೆ ಕೈ ನಿಧಾನವಾಗಲಿ. ದಡದಲ್ಲಿ ಅರ್ಧ ಹೂತ ನೇಯ್ದ ಪ್ಲಾಸ್ಟಿಕ್ ಚೀಲ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಬಿಸಿಲಿನ ನೇರಳಾತೀತ ಕಿರಣಕ್ಕೆ ಎಳೆಗಳು ಪೆಡಸಾಗಿ ಪುಡಿಪುಡಿಯಾಗುವ ಸ್ಥಿತಿಗೆ ಬಂದಿರುತ್ತವೆ. ಮೂಲೆ ಹಿಡಿದು ಎಳೆದರೆ ಚೀಲವೊಂದು ಸಾವಿರ ಎಳೆಯಾಗುತ್ತದೆ, ಆ ಎಳೆಗಳನ್ನು ಹೆಕ್ಕುವುದು ಯಾರಿಂದಲೂ ಆಗದ ಕೆಲಸ. ಚಪ್ಪಟೆ ಸಲಿಕೆಯನ್ನು ಅಡಿಗೆ ತೂರಿಸಿ, ಮಣ್ಣು ಸಮೇತ ಎತ್ತಿ, ಟಾರ್ಪಾಲಿನ ಮೇಲೆ ಬಿಡಿಸಿ. ಮರದ ಬೇರು ಸುತ್ತಿಕೊಂಡಿದ್ದರೆ ಹೊರಗೆ ಕಾಣುವಷ್ಟನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಿಡಿ. ದಡ ಕುಸಿದರೆ ನಷ್ಟ ಇನ್ನೂ ದೊಡ್ಡದು. ಥರ್ಮೋಕೋಲ್ ಮುರಿಯದಂತೆ ಇಡಿಯಾಗಿಯೇ ಎತ್ತಬೇಕು. ಅದರ ಕಾಳು ಉದುರಿದ್ದರೆ ಮರಳನ್ನು 5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿ. ಅದಕ್ಕಿಂತ ಸಣ್ಣದು ಮೈಕ್ರೋಪ್ಲಾಸ್ಟಿಕ್, ಕೈಯಿಂದ ತೆಗೆಯುವ ಹಂತ ದಾಟಿದ್ದು. ತರಗೆಲೆ, ಕಡಲಪಾಚಿ, ತೇಲಿಬಂದ ಕಟ್ಟಿಗೆ ಕಸವಲ್ಲ, ಎಷ್ಟೋ ಜೀವಿಗಳು ಅದರಡಿ ಬದುಕುತ್ತವೆ. ಹಾಗೇ ಬಾಟಲಿ ಎತ್ತಿದಾಗ ಒಳಗೆ ಏಡಿಯೋ ಕೀಟವೋ ಇದೆಯೇ ಎಂದು ಒಮ್ಮೆ ನೋಡಿ.

ಎಣಿಕೆ ಟಾರ್ಪಾಲಿನ ಮೇಲೆ ನಡೆಯಲಿ. ಒಬ್ಬರು ಕೂಗಬೇಕು, ಇನ್ನೊಬ್ಬರು ಐದೈದರ ಗೆರೆ ಹಾಕಬೇಕು. ಸ್ಯಾಶೆಗಳಲ್ಲಿ ಎಡವುವುದು ಸುಲಭ. ಹರಿದೊಗೆದ ಮೂಲೆಯ ತುಣುಕು ಒಂದು ಕಡೆ, ಪೊಟ್ಟಣ ಇನ್ನೊಂದು ಕಡೆ ಬಿದ್ದಿರುತ್ತವೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಒಂದು ಸ್ಯಾಶೆ ಎರಡಾಗುತ್ತದೆ. ಮೂಲೆಗಳಿಗೆ ಬೇರೆ ಸಾಲು ಕೊಡಿ. ಗುರುತು ಸಿಗದ, 2.5 ಸೆಂಟಿಮೀಟರಿಗಿಂತ ಚಿಕ್ಕ ಚೂರುಗಳಿಗೂ ಬೇರೆ ಸಾಲಿರಲಿ. ಸಿಗರೇಟ್ ತುಂಡನ್ನು ಕಾಗದವೆಂದು ಬಿಡಬೇಡಿ, ಅದರ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಸಾಧ್ಯವಿದ್ದರೆ ಪೊಟ್ಟಣದ ಮೇಲಿನ ತಯಾರಕರ ಹೆಸರನ್ನೂ ಬರೆದುಕೊಳ್ಳಿ; ಹೊದಿಕೆಯ ಹೊಣೆ ತಯಾರಕರದೂ ಎಂದು ಕೇಳುವಾಗ ಕೈಯಲ್ಲಿ ದಾಖಲೆ ಬೇಕು.

ಎಣಿಸಿದ ಮೇಲೆ ವಿಂಗಡಣೆ. ಪೆಟ್ ಬಾಟಲಿ, ಗಟ್ಟಿ ಡಬ್ಬಿ, ಲೋಹ, ಗಾಜು ಶುಚಿಯಾಗಿದ್ದರೆ ಮರುಬಳಕೆಗೆ ಹೋಗುತ್ತವೆ. ಒಳಗೆ ಬೆಳ್ಳಿ ಬಣ್ಣವಿರುವ ಬಹುಪದರದ ಹೊದಿಕೆಯಲ್ಲಿ ಪ್ಲಾಸ್ಟಿಕ್ಕೂ ಅಲ್ಯುಮಿನಿಯಂ ಲೇಪವೂ ಬೆಸೆದುಕೊಂಡಿರುವುದರಿಂದ ಸಾಮಾನ್ಯ ಮರುಬಳಕೆ ಘಟಕ ಅದನ್ನು ತೆಗೆದುಕೊಳ್ಳುವುದಿಲ್ಲ. ಬಾಟಲಿಗಳ ಜೊತೆ ಅದನ್ನು ಬೆರೆಸಿ ಕೊಟ್ಟರೆ ಇಡೀ ಚೀಲವೇ ತಿರಸ್ಕೃತವಾಗಬಹುದು.

ಮೂರು ನಾಲ್ಕು ಸುತ್ತಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಮೂಲ ಕಾಣತೊಡಗುತ್ತದೆ. ಒಂದೇ ಬಗೆಯ ಲೋಟ ಒಂದೇ ತುದಿಯಲ್ಲಿ ಸಿಗುತ್ತಿದ್ದರೆ ಹತ್ತಿರದ ಒಂದು ಅಂಗಡಿಯ ಜೊತೆ ಮಾತಾಡಿದರೆ ಆದೀತು. ಬಗೆಬಗೆಯ ಕಸ ತೊಟ್ಟಿಯ ಸುತ್ತಲೇ ಇದ್ದರೆ ತೊಟ್ಟಿ ತುಂಬಿ ಚೆಲ್ಲುತ್ತಿದೆ, ಇಲ್ಲವೇ ಅದಕ್ಕೆ ಮುಚ್ಚಳವಿಲ್ಲ. ಎಷ್ಟು ಹೊತ್ತಿಗೆ ತುಂಬುತ್ತದೆಂದು ಒಂದು ವಾರ ಬರೆದಿಟ್ಟು ಖಾಲಿ ಮಾಡುವ ವೇಳೆ ಬದಲಿಸಲು ಕೇಳಿ. ಚರಂಡಿ ಬಾಯಲ್ಲಷ್ಟೇ ಕೂಡುತ್ತಿದ್ದರೆ ಕಸ ಮೇಲಿನಿಂದ ಬರುತ್ತಿದೆ, ಎಣಿಸುವ 100 ಮೀಟರ್ ಜಾಗವನ್ನು ಅತ್ತ ಸರಿಸಬೇಕು. ಬಾಯಿಗೆ ಬಲೆ ಕಟ್ಟುವ ಯೋಚನೆ ಬಂದರೆ, ಸಣ್ಣ ಕಣ್ಣಿನ ಬಲೆ ಎಲೆ ಕಟ್ಟಿಕೊಂಡು ನೀರನ್ನು ರಸ್ತೆಗೆ ತಿರುಗಿಸುತ್ತದೆ ಎಂಬುದು ನೆನಪಿರಲಿ. ಚರಂಡಿಯ ಉಸ್ತುವಾರಿ ಇರುವವರ ಒಪ್ಪಿಗೆಯೂ, ಪ್ರತಿ ಮಳೆಯ ನಂತರ ಬಲೆ ಖಾಲಿ ಮಾಡುವವರ ಹೆಸರೂ ಗೊತ್ತಾಗುವವರೆಗೆ ಅದನ್ನು ಕಟ್ಟಬೇಡಿ.