ಎರಡನೇ ಸರದಿಯ ಸೂಜಿ

ರಕ್ತ ಪರೀಕ್ಷೆಗೆ ಹೋದಾಗ ನರ್ಸ್ "ಮುಷ್ಟಿ ಬಿಗಿ ಹಿಡೀರಿ" ಎಂದು ಮೊಣಕೈ ಒಳಗಡೆ ತಟ್ಟಿ ತಟ್ಟಿ ನರ ಹುಡುಕುತ್ತಾರಲ್ವಾ? ಕಲಿತವರಿಗೇ ಒಮ್ಮೊಮ್ಮೆ ನರ ಸಿಗುವುದಿಲ್ಲ. ಇನ್ನು ಮೊದಲ ಸಲ ಡ್ರಗ್ಸ್ ಚುಚ್ಚಿಕೊಳ್ಳಲು ಕೂತವರ ಕೈಗೆ ಸಿಗುತ್ತದೆಯೇ? ಹೆಚ್ಚಿನವರಿಗೆ ಬೇರೆಯವರೇ ಚುಚ್ಚಿಕೊಡುತ್ತಾರೆ. ಗೆಳೆಯನೋ, ಗಂಡನೋ, ಅಣ್ಣನೋ. ಎಷ್ಟೋ ಸಲ ಚುಚ್ಚುವವನು ತನ್ನದನ್ನು ಮೊದಲು ಮುಗಿಸಿಕೊಂಡಿರುತ್ತಾನೆ. ಹೊಸಬರದು ಆಮೇಲಿನ ಸರದಿ. ಇರುವುದು ಒಂದೇ ಸೂಜಿಯಾದರೆ ಅಪಾಯ ಇರುವುದು ಆ ಎರಡನೇ ಸರದಿಯಲ್ಲೇ.

ಸಿರಿಂಜಿನ ಹಿಡಿಯನ್ನು ಪೂರ್ತಿ ಒತ್ತಿದರೂ ಒಳಗಿರುವುದೆಲ್ಲ ಹೊರಗೆ ಬರುವುದಿಲ್ಲ. ಸೂಜಿಯನ್ನು ಬಿಚ್ಚಿ ಹಾಕುವ ಮಾದರಿಯಲ್ಲಿ ಅದರ ಬುಡದಲ್ಲೊಂದು ಸಂದು ಇರುತ್ತದೆ. ಅಳೆದು ನೋಡಿದವರಿಗೆ ಅಲ್ಲಿ ಸುಮಾರು 84 ಮೈಕ್ರೋಲೀಟರ್ ಉಳಿದದ್ದು ಕಂಡಿದೆ. ಅಂದರೆ ಒಂದೂವರೆ ಹನಿ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ಉಳಿಯುವುದು ಬರೀ 2. ನರ ಸಿಕ್ಕಿತೋ ಇಲ್ಲವೋ ನೋಡಲು ಸ್ವಲ್ಪ ರಕ್ತ ಹಿಂದಕ್ಕೆ ಎಳೆಯುತ್ತಾರೆ. ಹಾಗಾಗಿ ಆ ಒಂದೂವರೆ ಹನಿಯಲ್ಲಿ ಹಿಂದಿನವರ ರಕ್ತವೂ ಇರುತ್ತದೆ. ಪ್ರಯೋಗಾಲಯದಲ್ಲಿ ಇಂಥ ಸಂದಿನೊಳಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ 63 ದಿನದವರೆಗೂ ಬದುಕಿತ್ತು. ಎಚ್‌ಐವಿ ತಂಪಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ, ಸೆಕೆಯಲ್ಲಿ ಬೇಗ ಸಾಯುತ್ತದೆ.

ಸೂಜಿ ನನ್ನದೇ, ಇನ್ನೇನು ಭಯ ಎಂದುಕೊಳ್ಳುವವರೂ ಇದ್ದಾರೆ. ಪುಡಿ ಕರಗಿಸುವ ಚಮಚ, ನೀರು, ಸೋಸುವ ಹತ್ತಿ ಎಲ್ಲರಿಗೂ ಒಂದೇ ಆದರೆ ಹೆಪಟೈಟಿಸ್ ಸಿ ಆ ದಾರಿಯಲ್ಲೂ ಬರುತ್ತದೆ. ಹಳಬರಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಹೊಸಬರಿಗೆ ಹೇಳುವವರು ಯಾರು?

ಅಮೆರಿಕದ ಇಂಡಿಯಾನಾ ರಾಜ್ಯದ ಆಸ್ಟಿನ್ ನಾಲ್ಕು ಸಾವಿರ ಚಿಲ್ಲರೆ ಜನರ ಊರು. ಅದಿರುವ ಸ್ಕಾಟ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ವರ್ಷಕ್ಕೆ 5 ಹೊಸ ಎಚ್‌ಐವಿ ಪ್ರಕರಣವೂ ಇರುತ್ತಿರಲಿಲ್ಲ. 2015ರಲ್ಲಿ ಲೆಕ್ಕ 180 ದಾಟಿತು. ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಕಾರಣ ಒಪಾನಾ ಇಆರ್ ಎಂಬ ನೋವಿನ ಮಾತ್ರೆ. ಜನ ಅಮಲಿಗಾಗಿ ಅದನ್ನು ಪುಡಿ ಮಾಡಿ ಮೂಗಿಗೆ ಎಳೆಯುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿ 2012ರಲ್ಲಿ ಸುಲಭಕ್ಕೆ ಪುಡಿಯಾಗದ ಮಾತ್ರೆ ತಂದಿತು. ಚಟ ಬಿಡಲಿಲ್ಲ, ಮೂಗಿನಿಂದ ನರಕ್ಕೆ ಹೋಯಿತು ಅಷ್ಟೆ! ಒಳ್ಳೆಯದಕ್ಕೆಂದೇ ಮಾಡಿದ ಬದಲಾವಣೆ ಒಂದಿಷ್ಟು ಜನರನ್ನು ಸೂಜಿಗೆ ಹೊಸಬರನ್ನಾಗಿ ಮಾಡಿಬಿಟ್ಟಿತು. ಮಾತ್ರೆ ದುಬಾರಿ, ಹಾಗಾಗಿ ಹಂಚಿಕೊಳ್ಳುತ್ತಿದ್ದರು. ಒಂದೇ ಮನೆಯ ಎರಡು ಮೂರು ತಲೆಮಾರಿನವರು ಜೊತೆಗೆ ಕೂತು ಚುಚ್ಚಿಕೊಂಡದ್ದೂ ಇದೆ.

ಶುದ್ಧ ಸೂಜಿ ಹಂಚುವುದು ಆ ರಾಜ್ಯದಲ್ಲಿ ಆಗ ಕಾನೂನುಬಾಹಿರವಾಗಿತ್ತು. ಮಾರ್ಚ್‌ನಲ್ಲಿ ತುರ್ತುಸ್ಥಿತಿ ಘೋಷಿಸಿ ಅನುಮತಿ ಕೊಟ್ಟರು. ಆಮೇಲೆ ಹೊಸ ಸೋಂಕು ಇಳಿಯಿತು. ನಮ್ಮಲ್ಲೂ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಾರ್ಯಕ್ರಮದಡಿ ಸೂಜಿ ಕೊಡುತ್ತಾರೆ. 2019ರ ಸರ್ಕಾರಿ ವರದಿ ಪ್ರಕಾರ ದೇಶದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ.

ಆದರೆ ಹೊಸಬ ಸೂಜಿ ಕೇಂದ್ರಕ್ಕೆ ಸುಮ್ನೆ ಬರುವುದಿಲ್ಲ. ತಾನು ಚಟದವನು ಅಂತ ಅವನಿಗಿನ್ನೂ ಅನ್ನಿಸಿರುವುದಿಲ್ಲ. ಅವನ ಹತ್ತಿರ ಹೋಗಬಲ್ಲವನು ಅವನಿಗೆ ಚುಚ್ಚಿಕೊಟ್ಟ ಹಳಬನೇ. ಅದಕ್ಕೇ ಹಳಬನ ಕೈಯಲ್ಲಿ ನಾಲ್ಕು ಸೂಜಿ ಜಾಸ್ತಿ ಇಡುವುದು ಸರಿ ಅನ್ನಿಸುತ್ತದೆ ನನಗೆ. ಕೆಲವು ಕಡೆ ಹಳೆ ಸೂಜಿ ತಂದರೆ ಮಾತ್ರ ಹೊಸದು, ಒಂದಕ್ಕೆ ಒಂದೇ ಎಂಬ ನಿಯಮವಿದೆ. ಮೊದಲ ಸಲ ಚುಚ್ಚಿಸಿಕೊಳ್ಳುವವನ ಹತ್ತಿರ ಕೊಡಲು ಹಳೆ ಸೂಜಿ ಎಲ್ಲಿರುತ್ತದೆ?